ಕಣ್ಣಿನೊಳಗಿನ ಮಚ್ಚೆ: ರೆಟಿನಾ ಚಿತ್ರ ನೋಡಿ ಅಪಾಯವನ್ನು ಎಷ್ಟರಮಟ್ಟಿಗೆ ಅಳೆಯಬಹುದು?

ಮಲ್ಲೇಶ್ವರದ ನಿವಾಸಿ

ನಮ್ಮ ಅಕ್ಕನಿಗೆ 52 ವರ್ಷ. ಸಕ್ಕರೆ ಕಾಯಿಲೆ ಇರುವುದರಿಂದ ವರ್ಷಕ್ಕೊಮ್ಮೆ ರೆಟಿನಾ ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ. ಈ ಸಲ ತೆಗೆದ ಚಿತ್ರದಲ್ಲಿ ಸಕ್ಕರೆಯಿಂದಾದ ಹಾನಿ ಏನೂ ಕಾಣಲಿಲ್ಲ, ಆದರೆ ಎಡಗಣ್ಣಿನಲ್ಲಿ ಬೂದು ಬಣ್ಣದ ಒಂದು ಮಚ್ಚೆ ಕಂಡಿದೆ. ವರದಿಯಲ್ಲಿ ‘ಕೊರಾಯ್ಡಲ್ ನೀವಸ್’ ಎಂದು ಬರೆದು, ಆರು ತಿಂಗಳು ಬಿಟ್ಟು ಬನ್ನಿ ಎಂದಷ್ಟೇ ಹೇಳಿ ಕಳುಹಿಸಿದ್ದಾರೆ. ಅಕ್ಕನಿಗೆ ದೃಷ್ಟಿಯ ತೊಂದರೆ ಇಲ್ಲ. ಆದರೆ ಇಂಟರ್ನೆಟ್ಟಿನಲ್ಲಿ ಹುಡುಕಿದ ಕೂಡಲೇ ಮೆಲನೋಮಾ ಎಂಬ ಕ್ಯಾನ್ಸರಿನ ಹೆಸರು ಬಂದದ್ದರಿಂದ ಮನೆಯಲ್ಲಿ ಎಲ್ಲರೂ ಗಾಬರಿಯಾಗಿದ್ದಾರೆ. ಚಿತ್ರವನ್ನು ನೋಡಿಯೇ ಇದು ನಿರಪಾಯಕಾರಿ ಅಥವಾ ಅಪಾಯಕಾರಿ ಎಂದು ಹೇಳಲು ಸಾಧ್ಯವೆ? ಆರು ತಿಂಗಳು ಕಾಯುವುದು ಸರಿಯೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ನೇತ್ರವೈದ್ಯೆ, ಜಯನಗರ

ನಿಮ್ಮ ಅಕ್ಕನವರನ್ನು ನಾನು ಪರೀಕ್ಷಿಸಿಲ್ಲವಾದ್ದರಿಂದ ಅವರ ಕಣ್ಣಿನ ಬಗ್ಗೆ ತೀರ್ಪು ಕೊಡಲಾರೆ. ಇಂಥ ಮಚ್ಚೆಯನ್ನು ನಾವು ಹೇಗೆ ನೋಡುತ್ತೇವೆ ಎಂಬುದನ್ನು ಹೇಳಬಲ್ಲೆ.

ಕ್ಯಾಮೆರಾ ತೆಗೆಯುವುದು ರೆಟಿನಾದ ಚಿತ್ರವನ್ನು, ಆದರೆ ಮಚ್ಚೆ ಇರುವುದು ರೆಟಿನಾದಲ್ಲಲ್ಲ. ಅದರ ಹಿಂದೆ ರಕ್ತನಾಳಗಳು ತುಂಬಿರುವ ಕೊರಾಯ್ಡ್ ಎಂಬ ಪದರವಿದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನೋಸೈಟ್ ಜೀವಕೋಶಗಳು ಆ ಪದರದಲ್ಲಿಯೂ ಇದ್ದು, ಒಂದೆಡೆ ಗುಂಪುಗೂಡಿದಾಗ ಅದನ್ನು ನೀವಸ್ ಎನ್ನುತ್ತೇವೆ. ಹೀಗಾಗಿ ಮಚ್ಚೆಯನ್ನು ನಾವು ಯಾವಾಗಲೂ ಅದರ ಮುಂದಿರುವ ಪದರಗಳ ಮೂಲಕ ನೋಡುತ್ತಿರುತ್ತೇವೆ, ಮತ್ತು ಅದರ ಸ್ವಭಾವದ ಸುಳಿವುಗಳಲ್ಲಿ ಹೆಚ್ಚಿನವು ಸಿಗುವುದು ಮಚ್ಚೆಯ ಬಣ್ಣದಿಂದಲ್ಲ, ಅದರ ಮೇಲೆ ಹಾಸಿಕೊಂಡಿರುವ ರೆಟಿನಾಕ್ಕೆ ಏನಾಗಿದೆ ಎಂಬುದರಿಂದ. ಬಹುಕಾಲದಿಂದ ಸುಮ್ಮನೆ ಕುಳಿತಿರುವ ಮಚ್ಚೆಯ ಮೇಲೆ ಡ್ರೂಸನ್ ಎಂಬ ಸಣ್ಣ ಹಳದಿ ಚುಕ್ಕೆಗಳು ಕಾಣಿಸಿಕೊಂಡಿರುತ್ತವೆ. ಅದು ಹಳತನದ ಗುರುತು, ಸಮಾಧಾನದ ಸಂಗತಿ. ಚಟುವಟಿಕೆಯಿಂದಿರುವ ಮಚ್ಚೆಯ ಮೇಲೆ ಲಿಪೊಫಸಿನ್ ಎಂಬ ಕಿತ್ತಳೆ ಬಣ್ಣದ ವಸ್ತು ಕೂಡಿಕೊಳ್ಳಬಹುದು, ರೆಟಿನಾದ ಅಡಿಯಲ್ಲಿ ತೆಳುವಾಗಿ ನೀರು ಸೇರಬಹುದು.

ಅಮೆರಿಕದ ಫಿಲಡೆಲ್ಫಿಯಾದಲ್ಲಿರುವ ವಿಲ್ಸ್ ಕಣ್ಣಾಸ್ಪತ್ರೆಯ ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 2,355 ಮಚ್ಚೆಗಳನ್ನು ಹಲವು ವರ್ಷ ಹಿಂಬಾಲಿಸಿ, ಮೆಲನೋಮಾ ಆಗಿ ತಿರುಗುವುದನ್ನು ಮುಂಚಿತವಾಗಿ ಸೂಚಿಸುವ ಆರು ಲಕ್ಷಣಗಳನ್ನು ಗುರುತಿಸಿದ್ದಾರೆ. ದಪ್ಪ 2 ಮಿ.ಮೀ.ಗಿಂತ ಹೆಚ್ಚಿರುವುದು ಅಲ್ಟ್ರಾಸೌಂಡಿನಲ್ಲಿ ತಿಳಿಯುತ್ತದೆ. ರೆಟಿನಾದ ಅಡಿಯ ನೀರನ್ನು, ಬೆಳಕಿನ ಸಹಾಯದಿಂದ ಪದರಗಳನ್ನು ಅಡ್ಡ ಸೀಳಿದಂತೆ ಚಿತ್ರಿಸುವ ಓಸಿಟಿ ಸ್ಕ್ಯಾನ್ ತೋರಿಸುತ್ತದೆ. ಕಿತ್ತಳೆ ವಸ್ತು ಆಟೋಫ್ಲೋರೆಸೆನ್ಸ್ ಚಿತ್ರದಲ್ಲಿ, ಅಂದರೆ ಬೆಳಕು ಬಿದ್ದಾಗ ವಸ್ತು ತಾನೇ ಸೂಸುವ ಹೊಳಪನ್ನು ಹಿಡಿಯುವ ಚಿತ್ರದಲ್ಲಿ, ಹೊಳೆಯುತ್ತದೆ. ಒಳಗೆ ಟೊಳ್ಳಿರುವಂತೆ ಕಾಣುವುದೂ ಅಲ್ಟ್ರಾಸೌಂಡಿನದೇ ಲಕ್ಷಣ. ಅಗಲ 5 ಮಿ.ಮೀ. ಮೀರಿರುವುದನ್ನು ಕಣ್ಣಿನ ಹಿಂಭಾಗದ ಸಾಮಾನ್ಯ ಬಣ್ಣದ ಚಿತ್ರವಾದ ಫಂಡಸ್ ಫೋಟೊದಲ್ಲಿ ಅಳೆಯಬಹುದು. ಆರನೆಯದು ದೃಷ್ಟಿ ಕುಂದಿರುವುದು. ಈ ಲಕ್ಷಣಗಳಲ್ಲಿ ಒಂದೂ ಇಲ್ಲದಿದ್ದರೆ ಐದು ವರ್ಷಗಳಲ್ಲಿ ಮೆಲನೋಮಾ ಆಗಿ ಬೆಳೆಯುವ ಅಂದಾಜು ಶೇ. 1, ಒಂದಿದ್ದರೆ ಶೇ. 11, ಎರಡಿದ್ದರೆ ಶೇ. 22, ಮೂರಿದ್ದರೆ ಶೇ. 34, ನಾಲ್ಕಿದ್ದರೆ ಶೇ. 51, ಐದಿದ್ದರೆ ಶೇ. 55 ಎಂದು ಅವರು ಲೆಕ್ಕ ಹಾಕಿದ್ದಾರೆ.

ಹೀಗಾಗಿ ಒಂದು ಬಣ್ಣದ ಚಿತ್ರದಿಂದ ಉತ್ತರ ಸಿಗುವುದು ಕಾಲುಭಾಗ ಮಾತ್ರ. ಅಕ್ಕನವರಿಗೆ ಓಸಿಟಿ, ಆಟೋಫ್ಲೋರೆಸೆನ್ಸ್ ಮತ್ತು ಬಿ-ಸ್ಕ್ಯಾನ್ (ಕಣ್ಣಿನ ಅಲ್ಟ್ರಾಸೌಂಡ್) ಆಗಿದೆಯೆ ಎಂದು ವಿಚಾರಿಸಿ ತಿಳಿಸಿ.

ಸಂಖ್ಯಾಶಾಸ್ತ್ರದ ಮೇಷ್ಟರು, ಬನಶಂಕರಿ

ಮೇಡಂ ಅವರ ವಿವರಣೆಗೆ ಧನ್ಯವಾದಗಳು. ಆದರೆ ಶೇ. 1 ಎಂಬ ಅಂಕಿಯನ್ನು ಹಾಗೆಯೇ ಮನೆಗೆ ಒಯ್ಯಬೇಡಿ ಎಂದು ಪ್ರಶ್ನೆ ಕೇಳಿದವರಿಗೆ ಹೇಳಬಯಸುತ್ತೇನೆ. ವಿಲ್ಸ್ ಆಸ್ಪತ್ರೆಯಲ್ಲಿ ಕಣ್ಣಿನ ಗಡ್ಡೆಗಳಿಗಾಗಿಯೇ ಮೀಸಲಾದ ವಿಭಾಗವಿದೆ. ಅಲ್ಲಿಗೆ ಬರುವವರು ಬೇರೆ ವೈದ್ಯರು ನೋಡಿ, ಏನೋ ಅನುಮಾನವಾಗಿ ಕಳುಹಿಸಿದವರು. ಸಕ್ಕರೆ ಕಾಯಿಲೆಯ ತಪಾಸಣೆಯಲ್ಲಿ ಅಕಸ್ಮಾತ್ತಾಗಿ ಸಿಕ್ಕಿದ ಮಚ್ಚೆ ಆ ಗುಂಪಿಗೆ ಸೇರಿದ್ದಲ್ಲ.

ಇನ್ನೊಂದು ದಿಕ್ಕಿನಿಂದ ಮಾಡಿದ ಲೆಕ್ಕವೂ ಇದೆ. ಅಮೆರಿಕದ ಬಿಳಿಯ ಜನರಲ್ಲಿ ಮಚ್ಚೆ ಎಷ್ಟು ಮಂದಿಗಿದೆ, ಕೊರಾಯ್ಡ್ ಮೆಲನೋಮಾ ವರ್ಷಕ್ಕೆ ಎಷ್ಟು ಮಂದಿಗೆ ಬರುತ್ತದೆ ಎಂಬ ಎರಡು ಅಂಕಿಗಳನ್ನು ತಾಳೆ ಹಾಕಿ, ಎಲ್ಲ ಮೆಲನೋಮಾಗಳೂ ಮಚ್ಚೆಯಿಂದಲೇ ಹುಟ್ಟುತ್ತವೆ ಎಂದು ಊಹಿಸಿಕೊಂಡು 2005ರಲ್ಲಿ ಪ್ರಕಟವಾದ ಅಂದಾಜು ಅದು. ಅದರ ಪ್ರಕಾರ ವರ್ಷವೊಂದರಲ್ಲಿ 8,845 ಮಚ್ಚೆಗಳಲ್ಲಿ ಒಂದು ಮಾತ್ರ ಕ್ಯಾನ್ಸರ್ ಆಗುತ್ತದೆ. ಐದು ವರ್ಷಕ್ಕೆ ವಿಸ್ತರಿಸಿದರೆ ಶೇ. 0.06ರಷ್ಟೂ ಆಗುವುದಿಲ್ಲ. ಒಂದು ಕಡೆ ಶೇ. 1, ಇನ್ನೊಂದು ಕಡೆ ಅದರ ಹದಿನೇಳನೆಯ ಒಂದು ಭಾಗ. ಎರಡೂ ಅಂಕಿಗಳು ತಮ್ಮ ತಮ್ಮ ಛೇದಕ್ಕೆ ನಿಷ್ಠವಾಗಿಯೇ ಇವೆ. ಎಣಿಸಿದ ಜನ ಮಾತ್ರ ಬೇರೆ. ನಮ್ಮ ಮಾಧ್ಯಮಗಳಲ್ಲಿ ವೈದ್ಯಕೀಯ ಸುದ್ದಿ ಬರೆಯುವವರು ಛೇದವನ್ನು ಬಿಟ್ಟು ಅಂಶವನ್ನಷ್ಟೇ ಮುದ್ರಿಸುವ ಪದ್ಧತಿಯಿಂದ ಎಷ್ಟು ಮಂದಿ ನಿದ್ದೆಗೆಟ್ಟಿದ್ದಾರೋ ದೇವರೇ ಬಲ್ಲ.

ಜನಾಂಗದ ಪ್ರಶ್ನೆಯೂ ಇದೆ. ಅಮೆರಿಕದಲ್ಲಿ ನಡೆದ ಕ್ಯಾನ್ಸರ್ ದಾಖಲೆಗಳ ವಿಶ್ಲೇಷಣೆಯಲ್ಲಿ ಕಣ್ಣಿನೊಳಗಿನ ಮೆಲನೋಮಾ ಬಿಳಿಯರಲ್ಲಿ ವರ್ಷಕ್ಕೆ ಹತ್ತು ಲಕ್ಷಕ್ಕೆ ಸುಮಾರು 6, ಏಷ್ಯಾ ಮೂಲದವರಲ್ಲಿ ಸುಮಾರು 0.4 ಎಂದು ಕಂಡುಬಂದಿದೆ. ಬೆಂಗಳೂರಿನ ಜನಸಂಖ್ಯೆಯನ್ನು 1.3 ಕೋಟಿ ಎಂದಿಟ್ಟುಕೊಂಡು ಅದೇ ದರವನ್ನು ಅನ್ವಯಿಸಿದರೆ, ಇಡೀ ನಗರಕ್ಕೆ ವರ್ಷಕ್ಕೆ ಐದು ಪ್ರಕರಣಗಳ ಆಸುಪಾಸಿನಲ್ಲಿ ನಿಲ್ಲುತ್ತದೆ. ಅಕ್ಕನವರು ಗಾಬರಿಪಡುವ ಅಗತ್ಯ ನನಗಂತೂ ಕಾಣುವುದಿಲ್ಲ.

ನೇತ್ರವೈದ್ಯೆ, ಜಯನಗರ

ಮೇಷ್ಟರೇ, ಛೇದದ ಮಾತು ನೂರಕ್ಕೆ ನೂರು ಒಪ್ಪಿದೆ. ಆದರೆ ಕೊನೆಯ ಹೆಜ್ಜೆಯಲ್ಲಿ ಒಂದು ತೊಡಕಿದೆ. ಏಷ್ಯಾದವರಲ್ಲಿ ಕಡಿಮೆ ಇರುವುದು ಮೆಲನೋಮಾ ಮಾತ್ರವಲ್ಲ, ಮಚ್ಚೆಗಳೂ ಕಡಿಮೆ. ಅಮೆರಿಕದ ಹಲವು ಜನಾಂಗಗಳನ್ನು ಒಟ್ಟಿಗೆ ಪರೀಕ್ಷಿಸಿದ ಒಂದು ದೊಡ್ಡ ಅಧ್ಯಯನದಲ್ಲಿ ಬಿಳಿಯರಲ್ಲಿ ಶೇ. 4.1 ಮಂದಿಗೆ ಮಚ್ಚೆ ಕಂಡಿದ್ದರೆ, ಚೀನೀ ಮೂಲದವರಲ್ಲಿ ಶೇ. 0.4 ಮಂದಿಗೆ ಮಾತ್ರ ಕಂಡಿದೆ. ಅಂಶವೂ ಛೇದವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಇಳಿದಿರುವಾಗ, ಮಚ್ಚೆ ಇರುವ ಒಬ್ಬ ವ್ಯಕ್ತಿಗೆ ‘ನೀವು ಭಾರತೀಯರು, ಆದ್ದರಿಂದ ನಿಮ್ಮ ಮಚ್ಚೆ ಹೆಚ್ಚು ಸುರಕ್ಷಿತ’ ಎಂದು ಹೇಳಲು ಆಧಾರವಿಲ್ಲ. ಅಪರೂಪವಾದದ್ದು ರೋಗ, ಮಚ್ಚೆ ಇದ್ದವರು ಈಗಾಗಲೇ ಆ ಅಪರೂಪದ ಒಂದು ಬಾಗಿಲನ್ನು ದಾಟಿರುತ್ತಾರೆ. ಹಾಗೆಂದ ಮಾತ್ರಕ್ಕೆ ಗಾಬರಿ ಬೇಕಿಲ್ಲ, ಆದರೆ ವರ್ಷಕ್ಕೊಮ್ಮೆಯ ತಪಾಸಣೆಯನ್ನು ಬಿಡುವುದಕ್ಕೂ ಇದು ಕಾರಣವಾಗಬಾರದು.

ಯಶವಂತಪುರದ ಗೃಹಿಣಿ

ನನಗೂ ಬಲಗಣ್ಣಿನಲ್ಲಿ ಇಂಥದೇ ಮಚ್ಚೆ ಇದೆ. ಮೊದಲು ನೋಡಿದ ಆಸ್ಪತ್ರೆಯವರು ಕೊಟ್ಟದ್ದು ಎ4 ಕಾಗದದ ಮೇಲೆ ಇಂಕ್‌ಜೆಟ್‌ನಲ್ಲಿ ಮುದ್ರಿಸಿದ, ಬಣ್ಣ ಹರಡಿಕೊಂಡ ಒಂದು ಚಿತ್ರ. ಮನೆ ಬದಲಾದ ಮೇಲೆ ಬೇರೆ ಕಡೆ ತೋರಿಸಲು ಹೋದಾಗ, ಇದನ್ನಿಟ್ಟುಕೊಂಡು ಬೆಳೆದಿದೆಯೋ ಇಲ್ಲವೋ ಹೇಳಲು ಬರುವುದಿಲ್ಲ ಎಂದರು. ಮೂಲ ಚಿತ್ರ ಕೇಳಲು ಹಳೆಯ ಆಸ್ಪತ್ರೆಗೆ ಹೋದರೆ, ಯಂತ್ರ ಬದಲಾಯಿಸಿದ್ದೇವೆ, ಹಿಂದಿನ ದಾಖಲೆ ಸಿಗುವುದಿಲ್ಲ ಎಂಬ ಉತ್ತರ ಬಂತು. ಮತ್ತೆ ಮೊದಲಿನಿಂದ ಎಣಿಕೆ ಶುರು. ಮಲ್ಲೇಶ್ವರದವರು ದಯವಿಟ್ಟು ಅಕ್ಕನ ಚಿತ್ರಗಳ ಫೈಲುಗಳನ್ನೇ ಪೆನ್‌ಡ್ರೈವ್‌ನಲ್ಲಿ ಕೇಳಿ ಪಡೆದುಕೊಳ್ಳಿ.

ಆಪ್ಟೊಮೆಟ್ರಿಸ್ಟ್, ವಿಜಯನಗರ

ಯಶವಂತಪುರದ ಗೃಹಿಣಿಯವರು ಈ ವಿಷಯದ ತಿರುಳನ್ನೇ ಮುಟ್ಟಿದ್ದಾರೆ. ಮಚ್ಚೆಯ ಅಪಾಯವನ್ನು ಹೇಳುವ ಅತ್ಯಂತ ಬಲವಾದ ಸಾಕ್ಷ್ಯ ಯಾವುದೋ ದುಬಾರಿ ಸ್ಕ್ಯಾನ್ ಅಲ್ಲ, ಮಚ್ಚೆ ಬೆಳೆದಿದೆ ಎಂಬ ಪುರಾವೆ. ಬೆಳೆದಿದೆ ಎನ್ನಲು ಎರಡು ಚಿತ್ರ ಬೇಕು, ಆ ಎರಡೂ ಹೋಲಿಸಲು ಬರುವಂತಿರಬೇಕು.

ನಾನು ಕೆಲಸದಲ್ಲಿ ಬಳಸುವುದು ಬ್ರಿಟನ್ನಿನ ಕಣ್ಣಿನ ಗಡ್ಡೆಗಳ ತಜ್ಞ ಬರ್ಟಿಲ್ ಡಮಾಟೊ ಅವರು ರೂಪಿಸಿದ ‘ಮೋಲ್ಸ್’ ಎಂಬ ಅಂಕ ಪದ್ಧತಿಯನ್ನು. ಆಪ್ಟೊಮೆಟ್ರಿಸ್ಟ್‌ಗಳೂ ಬಳಸಬಹುದಾದಂತೆ, ಅಲ್ಟ್ರಾಸೌಂಡ್ ಇಲ್ಲದ ಕಡೆಗೂ ಒದಗುವಂತೆ ಅದನ್ನು ಮಾಡಿದ್ದಾರೆ. ಐದು ಸಂಗತಿಗಳನ್ನು ನೋಡಿ, ಪ್ರತಿಯೊಂದಕ್ಕೂ ಇಲ್ಲವೆಂದರೆ ಸೊನ್ನೆ, ಅಲ್ಪ ಅಥವಾ ಅನುಮಾನವಿದ್ದರೆ ಒಂದು, ಖಚಿತವಿದ್ದರೆ ಎರಡು ಅಂಕ ಕೊಡಬೇಕು: ಗಡ್ಡೆ ಅಣಬೆಯ ಆಕಾರಕ್ಕೆ ತಿರುಗಿದೆಯೆ, ಕಿತ್ತಳೆ ಬಣ್ಣದ ವಸ್ತು ಇದೆಯೆ, ಗಾತ್ರ ದೊಡ್ಡದೆ, ಹಿಂದಿನ ಚಿತ್ರಕ್ಕಿಂತ ಹಿಗ್ಗಿದೆಯೆ, ರೆಟಿನಾದ ಅಡಿಯಲ್ಲಿ ನೀರಿದೆಯೆ. ಗಾತ್ರಕ್ಕೆ ಅಳತೆಗೋಲು ಕಣ್ಣಿನೊಳಗೇ ಇದೆ. ದೃಷ್ಟಿನರ ಕಣ್ಣನ್ನು ಬಿಟ್ಟು ಹೊರಡುವ ಜಾಗದಲ್ಲಿ ಕಾಣುವ ಆಪ್ಟಿಕ್ ಡಿಸ್ಕಿನ ಅಗಲ ಸುಮಾರು 1.5 ಮಿ.ಮೀ.; ಮಚ್ಚೆಯ ಅಗಲ ಮೂರು ಡಿಸ್ಕಿಗಿಂತ ಕಡಿಮೆಯಿದ್ದು, ಉಬ್ಬು ಇಲ್ಲದಿದ್ದರೆ ಗಾತ್ರಕ್ಕೆ ಸೊನ್ನೆ; ಮೂರರಿಂದ ನಾಲ್ಕು ಡಿಸ್ಕಿನಷ್ಟಿದ್ದರೆ ಒಂದು; ನಾಲ್ಕನ್ನು ಮೀರಿದರೆ ಎರಡು. ಒಟ್ಟು ಸೊನ್ನೆಯಾದರೆ ಅದು ಸಾಮಾನ್ಯ ಮಚ್ಚೆ, ಒಂದಾದರೆ ಕಡಿಮೆ ಅಪಾಯದ್ದು, ಎರಡಾದರೆ ಹೆಚ್ಚು ಅಪಾಯದ್ದೆಂದು ನೇತ್ರವೈದ್ಯರಿಗೆ ಕಳುಹಿಸಬೇಕು, ಮೂರು ಅಥವಾ ಹೆಚ್ಚು ಬಂದರೆ ಮೆಲನೋಮಾ ಇರಬಹುದೆಂದು ಭಾವಿಸಿ ಕಣ್ಣಿನ ಗಡ್ಡೆಗಳ ತಜ್ಞರ ಬಳಿಗೆ ತಡಮಾಡದೆ ಕಳುಹಿಸಬೇಕು.

ಈ ಪದ್ಧತಿಯಲ್ಲಿ ಹಳೆಯ ಚಿತ್ರವೇ ಇಲ್ಲದಿದ್ದರೆ ‘ಹಿಗ್ಗಿದೆಯೆ’ ಎಂಬ ಪ್ರಶ್ನೆಗೆ ಸೊನ್ನೆ ಅಂಕವೇ ಬೀಳುತ್ತದೆ. ಅಂದರೆ ದಾಖಲೆ ಕಳೆದುಕೊಂಡವರಿಗೆ ಕಾಗದದ ಮೇಲೆ ಅಪಾಯ ಕಡಿಮೆಯೆಂದು ಕಾಣುವ ಸಾಧ್ಯತೆ ಇದೆ.

ಇಮೇಜಿಂಗ್ ಎಂಜಿನಿಯರ್, ವೈಟ್‌ಫೀಲ್ಡ್

ಇಷ್ಟೆಲ್ಲ ಕೈಯಿಂದ ಅಂಕ ಹಾಕುವ ಬದಲು ಯಂತ್ರಕಲಿಕೆಗೆ ಒಪ್ಪಿಸಬಾರದೇಕೆ ಎಂಬುದು ನನ್ನ ಪ್ರಶ್ನೆ. ಫೋರಸ್ ಸಂಸ್ಥೆಯ 3ನೇತ್ರ, ರೆಮಿಡಿಯೊ ಸಂಸ್ಥೆಯ ಮೊಬೈಲ್ ಆಧಾರಿತ ಫಂಡಸ್ ಕ್ಯಾಮೆರಾ, ಎರಡೂ ನಮ್ಮ ಬೆಂಗಳೂರಿನಲ್ಲೇ ರೂಪುಗೊಂಡವು. ಸಕ್ಕರೆಯಿಂದಾಗುವ ರೆಟಿನಾ ತೊಂದರೆಯನ್ನು ಗುರುತಿಸುವ ತಂತ್ರಾಂಶಗಳು ಇಂಥ ಕ್ಯಾಮೆರಾಗಳ ಜೊತೆ ಈಗಾಗಲೇ ಕೆಲಸ ಮಾಡುತ್ತಿವೆ. ಅದೇ ಚಿತ್ರದಲ್ಲಿ ಮಚ್ಚೆಯನ್ನೂ ಗುರುತಿಸಿ, ಡಿಸ್ಕಿಗೆ ಹೋಲಿಸಿ ಅಳೆದು, ಹೋದ ವರ್ಷದ ಚಿತ್ರದ ಮೇಲೆ ರಕ್ತನಾಳಗಳ ಕವಲುಗಳನ್ನು ಹೊಂದಿಸಿ ಕೂರಿಸಿ, ಅಂಚು ಎಲ್ಲಿ ಸರಿದಿದೆ ಎಂದು ತೋರಿಸುವುದು ತಾಂತ್ರಿಕವಾಗಿ ಅಸಾಧ್ಯವೇನಲ್ಲ.

ನೇತ್ರವೈದ್ಯೆ, ಜಯನಗರ

ಎರಡು ಕೆಲಸಗಳನ್ನು ಬೇರ್ಪಡಿಸಿ ನೋಡಿ ಸರ್. ಹಳೆಯ ಮತ್ತು ಹೊಸ ಚಿತ್ರಗಳನ್ನು ಹೊಂದಿಸಿ ಅಂಚಿನ ಚಲನೆ ತೋರಿಸುವ ಸಾಧನ ಸಿಕ್ಕರೆ ನಾಳೆಯೇ ಬಳಸಲು ನಾನು ಸಿದ್ಧಳಿದ್ದೇನೆ, ಏಕೆಂದರೆ ಅದನ್ನು ನಾವು ಈಗ ಕಣ್ಣಳತೆಯಲ್ಲಿ ಮಾಡುತ್ತಿದ್ದೇವೆ. ‘ಇದು ಮೆಲನೋಮಾ, ಇದು ಅಲ್ಲ’ ಎಂದು ಒಂದೇ ಬಣ್ಣದ ಚಿತ್ರದಿಂದ ತೀರ್ಪು ಕೊಡುವ ಸಾಧನದ ಬಗ್ಗೆ ನನಗೆ ಅಷ್ಟು ವಿಶ್ವಾಸವಿಲ್ಲ. ಚಪ್ಪಟೆ ಚಿತ್ರದಲ್ಲಿ ದಪ್ಪವನ್ನು ಅಳೆಯಲು ಬರುವುದಿಲ್ಲ. ಪಶ್ಚಿಮದವರ ಕಣ್ಣುಗಳ ಚಿತ್ರಗಳಿಂದ ಕಲಿತ ತಂತ್ರಾಂಶಕ್ಕೆ ನಮ್ಮವರ ಕಣ್ಣಿನ ಹಿಂಭಾಗ ಸಹಜವಾಗಿಯೇ ಗಾಢ ಬಣ್ಣದ್ದು, ಮಚ್ಚೆ ಮತ್ತು ಹಿನ್ನೆಲೆಯ ನಡುವಿನ ಅಂತರ ಕಡಿಮೆ ಎಂಬುದು ಹೊಸ ಸಂಗತಿಯಾಗಿರುತ್ತದೆ. ಅದಲ್ಲದೆ ವರ್ಷಕ್ಕೆ ಊರಿಗೆ ನಾಲ್ಕೈದು ಮಾತ್ರ ಇರುವ ರೋಗವನ್ನು ಲಕ್ಷಾಂತರ ಚಿತ್ರಗಳಲ್ಲಿ ಹುಡುಕುವಾಗ, ತಪ್ಪು ಎಚ್ಚರಿಕೆಗಳು ಶೇ. 1ರಷ್ಟಿದ್ದರೂ ಸಾವಿರಾರು ಮಂದಿ ಕಾರಣವಿಲ್ಲದೆ ತಜ್ಞರ ಬಾಗಿಲಿನಲ್ಲಿ ನಿಲ್ಲುತ್ತಾರೆ. ಈ ಗುಣಾಕಾರವನ್ನು ಮೇಷ್ಟರು ನನಗಿಂತ ಚೆನ್ನಾಗಿ ಮಾಡಬಲ್ಲರು.

ತಪ್ಪು ಎಚ್ಚರಿಕೆಗೆ ಬೆಲೆಯೂ ಇದೆ. ಸಣ್ಣ ಮೆಲನೋಮಾಕ್ಕೆ ಸಾಮಾನ್ಯವಾಗಿ ಕೊಡುವ ಚಿಕಿತ್ಸೆ ಪ್ಲಾಕ್ ವಿಕಿರಣ: ವಿಕಿರಣ ಸೂಸುವ ಸಣ್ಣ ಬಿಲ್ಲೆಯನ್ನು ಕಣ್ಣುಗುಡ್ಡೆಯ ಹೊರಗೋಡೆಗೆ ಹೊಲಿದು, ಕೆಲವು ದಿನಗಳ ಬಳಿಕ ತೆಗೆಯುತ್ತಾರೆ. ಭಾಭಾ ಪರಮಾಣು ಸಂಶೋಧನಾ ಕೇಂದ್ರ ರುಥೇನಿಯಂ-106 ಬಳಸಿದ ಇಂಥ ಬಿಲ್ಲೆಗಳನ್ನು ನಮ್ಮ ದೇಶದಲ್ಲೇ ತಯಾರಿಸಿರುವುದು ದೊಡ್ಡ ಅನುಕೂಲ. ಆದರೆ ವಿಕಿರಣದಿಂದ ರೆಟಿನಾ ಹಾಳಾಗಿ ದೃಷ್ಟಿ ಕುಂದುವುದು ಅಪರೂಪವಲ್ಲ. ನಿರಪಾಯಕಾರಿ ಮಚ್ಚೆಗೆ ಆ ಬೆಲೆ ತೆರಬಾರದು. ಇನ್ನೊಂದು ಕಡೆ, ನಿಜವಾದ ಮೆಲನೋಮಾವನ್ನು ಬೆಳೆಯಲು ಬಿಟ್ಟರೆ ಅದು ರಕ್ತದ ಮೂಲಕ ಹರಡುತ್ತದೆ, ಹೆಚ್ಚಿನ ಸಂದರ್ಭಗಳಲ್ಲಿ ಮೊದಲು ಪಿತ್ತಜನಕಾಂಗಕ್ಕೆ. ನಮ್ಮ ಕೆಲಸವೆಲ್ಲ ಈ ಎರಡರ ನಡುವಿನ ಇಕ್ಕಟ್ಟಿನಲ್ಲಿಯೇ ನಡೆಯುತ್ತದೆ.

ಮಲ್ಲೇಶ್ವರದ ನಿವಾಸಿ

ಎಲ್ಲರಿಗೂ ವಂದನೆಗಳು. ಮೇಡಂ ಅವರು ಕೇಳಿದ್ದನ್ನೆಲ್ಲ ವಿಚಾರಿಸಿಕೊಂಡು ಬಂದೆ. ಮಚ್ಚೆಯ ಅಗಲ ಎರಡೂವರೆ ಡಿಸ್ಕಿನಷ್ಟು, ಚಪ್ಪಟೆ, ಮೇಲೆ ಡ್ರೂಸನ್ ಇದೆ ಎಂದು ವರದಿಯಲ್ಲಿದೆ. ಓಸಿಟಿಯಲ್ಲಿ ನೀರು ಕಂಡಿಲ್ಲ. ಆಟೋಫ್ಲೋರೆಸೆನ್ಸ್ ಮಾಡಿಲ್ಲ, ಬಿ-ಸ್ಕ್ಯಾನ್ ಕೂಡ ಮಾಡಿಲ್ಲ. ಹೋದ ವರ್ಷ ಬೇರೆ ಕಡೆ ತೆಗೆಸಿದ ಚಿತ್ರ ಅಕ್ಕನ ಕಡತದಲ್ಲಿ ಸಿಕ್ಕಿತು, ಅದರಲ್ಲಿ ಮಚ್ಚೆಯೇ ಇಲ್ಲ! ಒಂದೇ ವರ್ಷದಲ್ಲಿ ಎರಡೂವರೆ ಡಿಸ್ಕಿನಷ್ಟು ಬೆಳೆದಿದೆಯೆಂದರೆ ಇದು ಅಪಾಯವಲ್ಲವೆ?

ಆಪ್ಟೊಮೆಟ್ರಿಸ್ಟ್, ವಿಜಯನಗರ

ಸ್ವಲ್ಪ ತಾಳಿ ಸರ್. ಈ ವರ್ಷದ ಚಿತ್ರ ಯಾವ ಕ್ಯಾಮೆರಾದಲ್ಲಿ ತೆಗೆದದ್ದು, ಹೋದ ವರ್ಷದ್ದು ಯಾವುದರಲ್ಲಿ? ಮಚ್ಚೆ ಡಿಸ್ಕಿನಿಂದ ಎಷ್ಟು ದೂರದಲ್ಲಿದೆ?

ಮಲ್ಲೇಶ್ವರದ ನಿವಾಸಿ

ಹೋದ ವರ್ಷದ್ದು 45 ಡಿಗ್ರಿ ಎಂದು ಮೂಲೆಯಲ್ಲಿ ಬರೆದಿದೆ. ಈ ವರ್ಷದ್ದು ಆಪ್ಟಾಸ್ ಎಂಬ ಯಂತ್ರ, ಚಿತ್ರ ಅಂಡಾಕಾರದಲ್ಲಿ ಹಸಿರು-ಕೆಂಪು ಛಾಯೆಯಲ್ಲಿದೆ, ಮೇಲೂ ಕೆಳಗೂ ರೆಪ್ಪೆಕೂದಲು ಕಾಣುತ್ತಿವೆ. ಮಚ್ಚೆ ಮೇಲ್ಭಾಗದ ಅಂಚಿನ ಕಡೆಗಿದೆ.

ಆಪ್ಟೊಮೆಟ್ರಿಸ್ಟ್, ವಿಜಯನಗರ

ಹಾಗಾದರೆ ಗಾಬರಿಯ ಕಾರಣ ಅಲ್ಲಿಗೇ ಹೋಯಿತು. ಆಪ್ಟಾಸ್ 200 ಡಿಗ್ರಿಯವರೆಗೆ, ಅಂದರೆ ರೆಟಿನಾದ ಶೇ. 80ಕ್ಕೂ ಹೆಚ್ಚು ಭಾಗವನ್ನು ಒಂದೇ ಸಲಕ್ಕೆ ಹಿಡಿಯುತ್ತದೆ. 45 ಡಿಗ್ರಿಯ ಕ್ಯಾಮೆರಾ ಹಿಡಿಯುವುದು ಡಿಸ್ಕ್ ಮತ್ತು ನೇರ ನೋಟದ ಕೇಂದ್ರವಾದ ಮ್ಯಾಕ್ಯುಲಾ ಸುತ್ತಲಿನ ನಡುಭಾಗವನ್ನಷ್ಟೇ. ಮಚ್ಚೆ ಹೋದ ವರ್ಷ ಇರಲಿಲ್ಲ ಎಂದಲ್ಲ, ಹೋದ ವರ್ಷದ ಚಿತ್ರ ಆ ಜಾಗವನ್ನು ತಲುಪಿಯೇ ಇರಲಿಲ್ಲ. ಎರಡೂ ಚಿತ್ರಗಳಲ್ಲಿ ಮೇಲಿನ ದೊಡ್ಡ ರಕ್ತನಾಳ ಎಲ್ಲಿ ಕವಲೊಡೆಯುತ್ತದೆ ಎಂದು ಹುಡುಕಿ, ಹಳೆಯ ಚಿತ್ರದ ಚೌಕಟ್ಟು ಎಲ್ಲಿಗೆ ಮುಗಿಯುತ್ತದೆ ಎಂದು ನೋಡಿದರೆ ನಿಮಗೇ ತಿಳಿಯುತ್ತದೆ.

ಆಪ್ಟಾಸ್ ಚಿತ್ರದ ಬಗ್ಗೆ ಇನ್ನೆರಡು ಮಾತು. ಅದು ಬಿಳಿಯ ಬೆಳಕಿನ ಛಾಯಾಚಿತ್ರವಲ್ಲ. ಕೆಂಪು ಮತ್ತು ಹಸಿರು ಲೇಸರ್ ಕಿರಣಗಳಿಂದ ಬೇರೆ ಬೇರೆಯಾಗಿ ಪಡೆದ ಎರಡು ಚಿತ್ರಗಳನ್ನು ಕೂಡಿಸಿ ಬಣ್ಣ ಕಟ್ಟಿರುತ್ತಾರೆ. ಆ ಎರಡನ್ನು ಬಿಡಿಸಿ ನೋಡುವುದರಲ್ಲಿ ಒಂದು ಲಾಭವಿದೆ. ಕೆಂಪು ಕಿರಣ ಆಳಕ್ಕೆ ಇಳಿಯುತ್ತದೆ, ಹಸಿರು ಮೇಲೆಯೇ ನಿಲ್ಲುತ್ತದೆ. ಕೊರಾಯ್ಡಿನ ಮಚ್ಚೆ ಕೆಂಪು ಚಿತ್ರದಲ್ಲಿ ಕಂಡು ಹಸಿರಿನಲ್ಲಿ ಬಹುತೇಕ ಮಾಯವಾಗುತ್ತದೆ. ಎರಡರಲ್ಲೂ ಕಪ್ಪಾಗಿ, ಅಂಚು ಕತ್ತರಿಸಿದಂತೆ ಕಂಡರೆ ಅದು ಹುಟ್ಟಿನಿಂದ ಬಂದ, ರೆಟಿನಾದ ಹಿಂಬದಿಯ ವರ್ಣಪದರದ ಚಪ್ಪಟೆ ಕಲೆಯಾಗಿರುವ ಸಾಧ್ಯತೆ ಹೆಚ್ಚು, ಅದರ ಕತೆಯೇ ಬೇರೆ. ಆದರೆ ಬಣ್ಣ ಕಟ್ಟಿದ್ದಾದ್ದರಿಂದ ಈ ಚಿತ್ರದಲ್ಲಿ ಕಿತ್ತಳೆ ವಸ್ತು ಇದೆ ಅಥವಾ ಇಲ್ಲ ಎಂದು ನಾನು ಹೇಳಲು ಹೋಗುವುದಿಲ್ಲ. ಅದಕ್ಕೆ ಆಟೋಫ್ಲೋರೆಸೆನ್ಸ್ ಬೇಕೇ ಬೇಕು, ಅದೇ ಯಂತ್ರದಲ್ಲಿ ಬಹುಶಃ ಆ ಸೌಲಭ್ಯವೂ ಇರುತ್ತದೆ.

ನೇತ್ರವೈದ್ಯೆ, ಜಯನಗರ

ಮೇಲಿನವರು ಹೇಳಿದ್ದು ಸರಿಯಾಗಿದೆ. ನೀವು ಕೊಟ್ಟ ವಿವರಗಳ ಮಟ್ಟಿಗೆ ಎರಡೂವರೆ ಡಿಸ್ಕ್ ಎಂದರೆ 4 ಮಿ.ಮೀ.ಗಿಂತ ಸ್ವಲ್ಪ ಕಡಿಮೆ. ನೀರಿಲ್ಲ, ಉಬ್ಬಿಲ್ಲ, ದೃಷ್ಟಿ ಚೆನ್ನಾಗಿದೆ, ಡ್ರೂಸನ್ ಇದೆ. ಕಿತ್ತಳೆ ವಸ್ತುವಿನ ಪ್ರಶ್ನೆಯೊಂದು ಉಳಿದಿದೆ, ಅದನ್ನು ಆಟೋಫ್ಲೋರೆಸೆನ್ಸ್ ತೀರಿಸುತ್ತದೆ. ಬಿ-ಸ್ಕ್ಯಾನ್ ಒಮ್ಮೆ ಮಾಡಿಸಿಕೊಳ್ಳುವುದು ಒಳ್ಳೆಯದು, ಮುಂದೆ ಹೋಲಿಸಲು ದಪ್ಪದ ಒಂದು ಅಳತೆ ದಾಖಲೆಯಲ್ಲಿರುತ್ತದೆ. ಆದರೆ ಒಂದು ಸಲ ಅಲ್ಟ್ರಾಸೌಂಡಿನಲ್ಲಿ, ಮುಂದಿನ ಸಲ ಓಸಿಟಿಯಲ್ಲಿ ಅಳೆದ ದಪ್ಪಗಳನ್ನು ಪಕ್ಕಪಕ್ಕ ಇಟ್ಟು ಏರಿತು, ಇಳಿಯಿತು ಎನ್ನಬೇಡಿ. ಓಸಿಟಿಗಿಂತ ಅಲ್ಟ್ರಾಸೌಂಡ್ ಸಾಮಾನ್ಯವಾಗಿ ಹೆಚ್ಚು ದಪ್ಪವನ್ನೇ ತೋರಿಸುತ್ತದೆ.

ಆರು ತಿಂಗಳ ಗಡುವು ಮೊದಲ ಸಲ ಕಂಡ ಮಚ್ಚೆಗೆ ಯೋಗ್ಯವಾದದ್ದೇ. ಆಗಲೂ ಹಾಗೆಯೇ ಇದ್ದರೆ ವರ್ಷಕ್ಕೊಮ್ಮೆ ನೋಡಿದರೆ ಸಾಕು, ಅದು ಹೇಗೂ ಸಕ್ಕರೆ ಕಾಯಿಲೆಯ ತಪಾಸಣೆಯ ಜೊತೆಗೇ ಆಗಿಬಿಡುತ್ತದೆ.

ಹಿಗ್ಗುವಿಕೆಯ ವಿಚಾರದಲ್ಲಿ ಒಂದು ಎಚ್ಚರಿಕೆ. ಅಲ್ಪಸ್ವಲ್ಪ ಹಿಗ್ಗಿದ ಮಚ್ಚೆಗಳೆಲ್ಲ ಕ್ಯಾನ್ಸರ್ ಅಲ್ಲ. ಸರಾಸರಿ ಹದಿನೈದು ವರ್ಷ ಹಿಂಬಾಲಿಸಿದ ಒಂದು ಅಧ್ಯಯನದಲ್ಲಿ ನಿರಪಾಯಕಾರಿ ಮಚ್ಚೆಗಳಲ್ಲಿ ಶೇ. 31ರಷ್ಟು ನಿಧಾನವಾಗಿ ಸ್ವಲ್ಪ ಅಗಲವಾಗಿದ್ದವು, ಚಿಕ್ಕ ವಯಸ್ಸಿನವರಲ್ಲಿ ಇದು ಹೆಚ್ಚು. ಹತ್ತಾರು ವರ್ಷಗಳಲ್ಲಿ ಕೂದಲೆಳೆಯಷ್ಟು ಸರಿಯುವ ಅಂಚು ಬೇರೆ, ಕೆಲವೇ ತಿಂಗಳುಗಳಲ್ಲಿ ಎದ್ದು ಕಾಣುವಂತೆ ಚಾಚುವ ಅಂಚು ಬೇರೆ. ಇದನ್ನು ಬೇರ್ಪಡಿಸಲು ಎರಡಕ್ಕಿಂತ ಹೆಚ್ಚು ಚಿತ್ರಗಳ ಸರಣಿಯೇ ಬೇಕಾಗುತ್ತದೆ. ಆದ್ದರಿಂದ ಸಾಧ್ಯವಾದಷ್ಟೂ ಅದೇ ಕ್ಯಾಮೆರಾದಲ್ಲಿ, ಕಣ್ಣಿನ ನೋಟ ಅದೇ ದಿಕ್ಕಿಗಿರುವಂತೆ ತೆಗೆಸಿ, ಫೈಲುಗಳನ್ನು ತಾರೀಖಿನ ಸಮೇತ ನಿಮ್ಮಲ್ಲೇ ಇಟ್ಟುಕೊಳ್ಳಿ. ವಾಟ್ಸ್ಆಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದ್ದು ಕುಗ್ಗಿಹೋಗಿರುತ್ತದೆ, ಅದನ್ನು ದಾಖಲೆಯೆಂದು ಎಣಿಸಬೇಡಿ.

ಯಶವಂತಪುರದ ಗೃಹಿಣಿ

ಮೇಡಂ, ನನ್ನದೂ ಒಂದು ಪ್ರಶ್ನೆ. ನಮ್ಮ ಅತ್ತಿಗೆಗೆ ಹುಟ್ಟಿನಿಂದ ಬಲಗೆನ್ನೆಯ ಮೇಲೆ, ಕಣ್ಣಿನ ಬಿಳಿಭಾಗದಲ್ಲೂ ನೀಲಿಬೂದು ಬಣ್ಣದ ಕಲೆ ಇದೆ. ಅವರಿಗೂ ಈ ಪರೀಕ್ಷೆ ಬೇಕೆ?

ನೇತ್ರವೈದ್ಯೆ, ಜಯನಗರ

ಬೇಕು. ನೀವು ವಿವರಿಸಿದ್ದು ಓಟಾ ನೀವಸ್ ಎಂಬ ಸ್ಥಿತಿಯಂತೆ ಕೇಳಿಸುತ್ತದೆ. ಏಷ್ಯಾದವರಲ್ಲಿ, ಅದರಲ್ಲೂ ಹೆಂಗಸರಲ್ಲಿ ಇದು ಹೆಚ್ಚು. ಚರ್ಮದ ಕಲೆಯನ್ನು ಲೇಸರಿನಿಂದ ತಿಳಿ ಮಾಡಿಸಿಕೊಂಡವರೂ ಕಣ್ಣಿನೊಳಗಿನದನ್ನು ಮರೆಯಬಾರದು, ಏಕೆಂದರೆ ಅದೇ ಬದಿಯ ಕೊರಾಯ್ಡಿನಲ್ಲಿಯೂ ಮೆಲನೋಸೈಟ್‌ಗಳು ಹೆಚ್ಚಿರಬಹುದು. ಬಿಳಿಯರಲ್ಲಿ ಈ ಸ್ಥಿತಿ ಇರುವ 400 ಮಂದಿಯಲ್ಲಿ ಒಬ್ಬರಿಗೆ ಜೀವಮಾನದಲ್ಲಿ ಕಣ್ಣಿನ ಮೆಲನೋಮಾ ಬರುತ್ತದೆಂಬ ಅಂದಾಜಿದೆ. ನಮ್ಮವರಲ್ಲಿ ಓಟಾ ನೀವಸ್ ಎಷ್ಟೇ ಸಾಮಾನ್ಯವಾಗಿದ್ದರೂ ವರ್ಷಕ್ಕೊಮ್ಮೆ ಪಾಪೆ ಅಗಲಿಸುವ ಹನಿ ಹಾಕಿಸಿ ನೋಡಿಸಿಕೊಳ್ಳುವುದು ಕ್ಷೇಮ. ಹನಿ ಹಾಕಿದ ಮೇಲೆ ಕೆಲವು ಗಂಟೆ ಕಣ್ಣು ಮಂಜಾಗಿರುತ್ತದೆ, ಅವರು ಸ್ಕೂಟರ್ ತರದೆ ಯಾರನ್ನಾದರೂ ಜೊತೆಗೆ ಕರೆದುಕೊಂಡು ಬರಲಿ. ಇವರಿಗಾಗಲಿ ಮಲ್ಲೇಶ್ವರದ ಅಕ್ಕನವರಿಗಾಗಲಿ ನೋಟದಲ್ಲಿ ಹೊಸದಾಗಿ ಮಿಂಚು ಹೊಡೆದಂತಾದರೆ, ಒಂದು ಬದಿಯಿಂದ ನೆರಳು ಕವಿದಂತಾದರೆ, ನೇರವಾದ ಗೆರೆಗಳು ಸೊಟ್ಟಗೆ ಕಂಡರೆ, ಮುಂದಿನ ಭೇಟಿಯ ತಾರೀಖಿಗೆ ಕಾಯದೆ ಅದೇ ವಾರ ತೋರಿಸಬೇಕು.